ಕೃತಕ ರೀಫ್ ಮತ್ತು ‘ರಿಕ್ರಿಯೇಷನಲ್ ಫಿಶಿಂಗ್’: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಕೇರಳದ ಗಡಿಯ ಮಂಜೇಶ್ವರದಿಂದ ಬರೆಯುತ್ತಿದ್ದೇನೆ. ಮೀನಿಗೆ ನೆಲೆಯಾಗಲಿ ಎಂದು ಕಡಲ ತಳಕ್ಕೆ ಇಳಿಸುವ ಕೃತಕ ರೀಫ್‌ಗಳು, ಅವುಗಳ ಮೇಲೆ ಯಾರು ಹೇಗೆ ಮೀನು ಹಿಡಿಯಬಹುದು ಎಂಬ ನಿಯಮಗಳು, ಇವುಗಳ ಬಗ್ಗೆ ಇಲ್ಲಿನ ವಾಚನಾಲಯಕ್ಕೆ ಕನ್ನಡದಲ್ಲಿ ಒಂದು ಸಣ್ಣ ಪುಸ್ತಿಕೆ ಮಾಡುತ್ತಿದ್ದೇವೆ. ನಮ್ಮಲ್ಲಿ ಇಂಥ ಕಾಗದಪತ್ರ ಹೆಚ್ಚಾಗಿ ಮಲಯಾಳದಲ್ಲೇ ಸಿಗುವುದು. ಕನ್ನಡ ಶಾಲೆಯಲ್ಲಿ ಓದಿ ದೋಣಿಗೆ ಹೋದವರಿಗೆ ಅದನ್ನು ಯಾರಾದರೂ ಓದಿ ಹೇಳಬೇಕಾಗುತ್ತದೆ. ಕೆಲಸ ಸುಮಾರು ಮುಗಿದಿದೆ, ಆದರೆ ಮೂರು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ.

ಮೊದಲನೆಯದು ‘ರೀಫ್’. ‘ಕೃತಕ ಹವಳದ ದಿಬ್ಬ’ ಎಂದು ಬರೆಯುವವರಿದ್ದಾರೆ. ಅಲ್ಲಿ ಇಳಿಸುವುದು ಹವಳ ಅಲ್ವಲ್ಲ. ತಿರುವನಂತಪುರ ಜಿಲ್ಲೆಯಲ್ಲಿ ಪೊಳಿಯೂರಿನಿಂದ ವರ್ಕಲದವರೆಗೆ 42 ಮೀನುಗಾರ ಹಳ್ಳಿಗಳ ಎದುರು ಇಳಿಸುವ ಯೋಜನೆಯಲ್ಲಿರುವುದು ಕಾಂಕ್ರೀಟಿನ ತ್ರಿಕೋನ, ಹೂವಿನಾಕಾರ, ಕೊಳವೆಯಾಕಾರದ ದೊಡ್ಡ ತುಂಡುಗಳು. ಅಮೆರಿಕದ ಡೆಲವೇರ್ ಕಡಲಲ್ಲಿ 2001ರಿಂದ ನ್ಯೂಯಾರ್ಕಿನ ಹಳೆಯ ಸಬ್‌ವೇ ರೈಲು ಡಬ್ಬಿಗಳನ್ನೇ ಮುಳುಗಿಸಿದರು. ಫ್ಲೋರಿಡಾದಲ್ಲಿ 1970ರ ದಶಕದಲ್ಲಿ ಸುಮಾರು 20 ಲಕ್ಷ ಹಳೆ ಟಯರ್ ಹಾಕಿದ್ದರು. ಅವುಗಳ ಕಟ್ಟು ಬಿಚ್ಚಿಕೊಂಡು, ಹತ್ತಿರವೇ ಇದ್ದ ನಿಜವಾದ ಹವಳಕ್ಕೆ ಬಡಿದು ಹಾಳು ಮಾಡಿದವು. ಇದನ್ನೆಲ್ಲ ‘ಹವಳ’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಮಲಯಾಳದಲ್ಲಿ ‘ಕೃತ್ರಿಮ ಪಾರ್’ ಎನ್ನುತ್ತಾರೆ. ಕಡಲೊಳಗಿನ ಬಂಡೆಗೆ ಅಲ್ಲಿನ ಮೀನುಗಾರರು ಮೊದಲಿಂದ ಹೇಳುವ ಮಾತು ಪಾರ್, ಅದನ್ನೇ ಇಟ್ಟುಕೊಂಡರು. ತುಳುವಿನ ‘ಪಾದೆ’ (ಬಂಡೆ) ನಮ್ಮ ಕರಾವಳಿಯ ಕನ್ನಡಿಗರಿಗೆಲ್ಲ ಗೊತ್ತು. ಆದರೆ ಬೀದರಿನಲ್ಲೋ ಹಾಸನದಲ್ಲೋ ಓದುವವರಿಗೆ? ಸದ್ಯಕ್ಕೆ ‘ಕೃತಕ ಬಂಡೆ’ ಎಂದು ಬರೆದಿದ್ದೇನೆ. ಅದಕ್ಕಿಂತ ಒಳ್ಳೆಯದಿದ್ದರೆ ಹೇಳಿ.

ನಿಜವಾದ ತೊಡಕು ‘ರಿಕ್ರಿಯೇಷನಲ್ ಫಿಶಿಂಗ್’ ಮತ್ತು ‘ಕಮರ್ಷಿಯಲ್ ಫಿಶಿಂಗ್’ ಎಂಬ ಜೋಡಿಯದು. ಮೊದಲು ‘ಮನರಂಜನಾ ಮೀನುಗಾರಿಕೆ’, ‘ವಾಣಿಜ್ಯ ಮೀನುಗಾರಿಕೆ’ ಎಂದು ಹಾಕಿದ್ದೆ. ಕಣ್ವತೀರ್ಥದ ಕಡೆಯ ಹಿರಿಯ ಮೊಗವೀರರೊಬ್ಬರಿಗೆ ಆ ಭಾಗ ಓದಿ ಹೇಳಿದೆ. ಅವರು ಸಣ್ಣ ನಾಡದೋಣಿಯಲ್ಲಿ ಒಬ್ಬರೇ ಹೋಗಿ ಗಾಳ ಹಾಕುವವರು. ಮುರು ಮೀನು ಸಿಕ್ಕಿದರೆ ಮಾರುತ್ತಾರೆ (ಗಲ್ಫಿಗೆ ಹೋಗಿ ಬಂದವರು ಇದನ್ನೇ ‘ಹಮೂರ್’ ಎಂದು ಕೇಳಿ ಒಯ್ಯುತ್ತಾರೆ), ಸಣ್ಣಪುಟ್ಟದ್ದು ಮನೆಯ ಸಾರಿಗೆ. ಪೂರ್ತಿ ಕೇಳಿ ಅವರು ಕೇಳಿದ್ದು ಒಂದೇ. “ಇದ್ರಲ್ಲಿ ನಾನು ಯಾವುದು ಮಾರಾಯ್ರೆ?”

ಉತ್ತರ ನನ್ನಲ್ಲಿರಲಿಲ್ಲ. ಮಾರುತ್ತಾರೆ, ಹಾಗಾಗಿ ವಾಣಿಜ್ಯ. ಅಂದರೆ ದೊಡ್ಡ ಬಲೆಯಿಂದ ಮೀನಿನ ಗುಂಪನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟಿನವರೂ ಅವರೂ ಒಂದೇ ಸಾಲಿನಲ್ಲಿ. ‘ಕೃತಕ ಬಂಡೆಯ ಮೇಲೆ ವಾಣಿಜ್ಯ ಮೀನುಗಾರಿಕೆ ನಿಷೇಧ’ ಎಂದು ಒಂದು ವಾಕ್ಯ ಬರೆದರೆ ಅವರ ಗಾಳವೂ ಹೊರಗೆ ಹೋಯಿತು.

ಇಂಗ್ಲಿಷಿನಲ್ಲಿ ಈ ಜೋಡಿ ಪದ ಹೇಗೆ ಬಳಕೆಯಾಗಿದೆ ಎಂದು ನೋಡಲು ಅಮೆರಿಕದ ನ್ಯೂಜೆರ್ಸಿಯ ಕತೆ ಓದಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಲ್ಲಿ ಬಂಡೆಗಳನ್ನು ಇಳಿಸಲು ಬಳಸಿದ ದುಡ್ಡಿನಲ್ಲಿ ಒಂದು ಪಾಲು ಗಾಳ, ಕೋಲು ಮುಂತಾದ ಸಾಮಾನಿನ ಮೇಲಿನ ತೆರಿಗೆಯದು, ಅಂದರೆ ಹವ್ಯಾಸಕ್ಕೆ ಗಾಳ ಹಾಕುವವರು ಕೊಟ್ಟದ್ದು. ಆದರೆ ಅದೇ ಬಂಡೆಗಳ ಮೇಲೆ ಲಾಬ್‌ಸ್ಟರ್, ಮೀನು ಹಿಡಿಯುವ ಬೋನುಗಳನ್ನು ಸಾಲಾಗಿ ಇಡುವವರೂ ಬಂದರು. ಬೋನಿನ ಹಗ್ಗಕ್ಕೆ ಗಾಳ ಸಿಕ್ಕಿಹಾಕಿಕೊಂಡು ಜಗಳ ಶುರುವಾಯಿತು. 2011ರಲ್ಲಿ ಕೇಂದ್ರದ ಹಣವೇ ನಿಂತಿತು. ಕೊನೆಗೆ 2018ರಲ್ಲಿ 13 ಬಂಡೆ ಪ್ರದೇಶಗಳನ್ನು ‘ಸ್ಪೆಷಲ್ ಮ್ಯಾನೇಜ್‌ಮೆಂಟ್ ಝೋನ್’ (ವಿಶೇಷ ನಿಯಮದ ವಲಯ) ಎಂದು ಸಾರಿದರು. ನನಗೆ ಮುಖ್ಯ ಅನ್ನಿಸಿದ್ದು ಇಲ್ಲಿ. ಜಗಳವೆಲ್ಲ ‘ರಿಕ್ರಿಯೇಷನಲ್’ ವಿರುದ್ಧ ‘ಕಮರ್ಷಿಯಲ್’ ಎಂದು ನಡೆದರೂ ನಿಯಮ ಗೆರೆ ಎಳೆದದ್ದು ಸಾಧನದ ಮೇಲೆ: ಕೈಗಾಳ, ಕೋಲುಗಾಳ, ಈಟಿ ಇವಿಷ್ಟಕ್ಕೆ ಅವಕಾಶ, ಬೋನು ಬಲೆ ಬೇಡ. ಯಾಕೆ ಹಿಡಿಯುತ್ತೀ ಎಂದು ಕೇಳಲಿಲ್ಲ, ಯಾವುದರಿಂದ ಹಿಡಿಯುತ್ತೀ ಎಂದು ಕೇಳಿದರು.

ನಮ್ಮ ಕಡಲಿನ ನಿಯಮಗಳೂ ಹಾಗೇ ಇವೆ. ಕೇರಳದ 1980ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಯಾಗಲಿ ಕರ್ನಾಟಕದ 1986ರದಾಗಲಿ, ಜನ ಅದನ್ನು ಗುರುತಿಸುವುದು ಬೋಟು, ಬಲೆ, ತಿಂಗಳು ಇವುಗಳಿಂದ. ಇಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಹಿಡಿಯುವುದು) ಬಂದ್, ನಾಡದೋಣಿ ಹೋಗಬಹುದು. ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಜೂನ್ 1ರಿಂದಲೇ ನಿಷೇಧ. ಬಂಗುಡೆ 14 ಸೆಂಟಿಮೀಟರಿಗಿಂತ, ಮತ್ತಿ (ಬೂತಾಯಿ) 10 ಸೆಂಟಿಮೀಟರಿಗಿಂತ ಸಣ್ಣದು ಹಿಡಿಯಬಾರದು. ಹಿಡಿದವನಿಗೆ ಅದರಿಂದ ಖುಷಿಯಾಯಿತೋ ಹೊಟ್ಟೆ ತುಂಬಿತೋ ಎಂಬುದು ಎಲ್ಲೂ ಬರುವುದಿಲ್ಲ.

ಹಾಗಂತ ‘ಗಾಳದವರು’, ‘ಬಲೆಯವರು’ ಎಂದು ಎರಡೇ ಪದ ಇಟ್ಟರೂ ಸಾಲದು. ನಮ್ಮ ಕರಾವಳಿಯಲ್ಲಿ ತೆಂಗಿನ ಮಡಲು, ಒಣ ಹೊಂಬಾಳೆ ಕಟ್ಟಿ, ಮರಳಿನ ಚೀಲದ ಭಾರ ಹಾಕಿ ಕಡಲ ತಳಕ್ಕೆ ಇಳಿಸುವುದುಂಟು. ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಅದಕ್ಕೆ ಮೊಟ್ಟೆ ಅಂಟಿಸಲು ಬರುತ್ತದೆ. ಬಂದದ್ದನ್ನು ಗಾಳ ಹಾಕಿಯೇ ಹಿಡಿಯುವುದು. ಗಾಳವೇ ಆದರೂ ಮೊಟ್ಟೆ ಇಡುವ ಹೊತ್ತಿನಲ್ಲಿ ತಾಯಿಯನ್ನೇ ಎತ್ತಿದರೆ ಮುಂದಿನ ಸಂತಾನ ಎಲ್ಲಿಂದ ಬರಬೇಕು? ಜೊತೆಗೆ ಟ್ರಾಲ್ ಬೋಟಿನ ಬಲೆ ಆ ಕಟ್ಟಿಗೆ ಸಿಕ್ಕಿ ಹರಿಯುತ್ತದೆ, ಗಲಾಟೆ ಆಗುತ್ತದೆ. ಈ ಮಡಲಿನ ಕಟ್ಟನ್ನೂ ಕಾಂಕ್ರೀಟ್ ಬಂಡೆಯನ್ನೂ ಒಂದೇ ಹೆಸರಿನಿಂದ ಕರೆಯಬಾರದು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಒಂದು ಮೀನನ್ನು ಕರೆಯುವ ಉಪಾಯ. ಇನ್ನೊಂದು ಮೀನಿಗೆ ಮನೆಯಾಗಲಿ ಎಂದು ಇಟ್ಟದ್ದು. ಆ ಮನೆಯಲ್ಲಿ ಮೀನು ಹೆಚ್ಚುತ್ತದೋ, ಅಥವಾ ಸುತ್ತಲಿನದು ಬಂದು ಸೇರುತ್ತದೆ ಅಷ್ಟೆಯೋ ಎಂದು ವಿಜ್ಞಾನಿಗಳು ದಶಕಗಳಿಂದ ವಾದ ಮಾಡುತ್ತಿದ್ದಾರೆ. ಸೇರುವುದು ಮಾತ್ರವಾದರೆ ನಾಲ್ಕು ದೊಡ್ಡ ಬಲೆ ಬಂದು ಒಂದು ಸೀಸನ್ನಿನಲ್ಲಿ ಖಾಲಿ ಮಾಡಬಹುದು, ನಿಯಮ ಬೇಕಾಗುವುದೇ ಅದಕ್ಕೆ.

ಮೂರನೆಯದು ‘ಬ್ಯಾಗ್ ಲಿಮಿಟ್’. ಒಬ್ಬ ಒಂದು ದಿನ ಇಂತಿಷ್ಟೇ ಮೀನು ಇಟ್ಟುಕೊಳ್ಳಬಹುದು ಎಂಬ ಲೆಕ್ಕ. ‘ಚೀಲದ ಮಿತಿ’ ಎಂದರೆ ಚೀಲದ ಅಳತೆ ಎಂದೇ ಓದುತ್ತಾರೆ. ‘ದಿನದ ತಲಾ ಮಿತಿ’ ಸಾಕು ಅನ್ನಿಸಿದೆ, ಇದರಲ್ಲಿ ಚರ್ಚೆ ಜಾಸ್ತಿ ಬೇಡ.

ಈಗ ನನ್ನ ಕರಡಿನಲ್ಲಿರುವುದು ಹೀಗೆ. ‘ಹವ್ಯಾಸದ ಗಾಳ’ ಎಂದರೆ ಮಾರದೆ ಹಿಡಿಯುವವರು. ‘ಕಸುಬಿನ ಗಾಳ’ ಎಂದರೆ ನಾಡದೋಣಿಯಲ್ಲಿ ಹೋಗಿ ಹಿಡಿದು ಮಾರುವವರು. ‘ಬೋಟಿನ ಮೀನುಗಾರಿಕೆ’ ಎಂದರೆ ಟ್ರಾಲ್, ಪರ್ಸೀನ್. ಇಂಗ್ಲಿಷಿನ ಎರಡು ಪದಕ್ಕೆ ಕನ್ನಡದಲ್ಲಿ ಮೂರು ಆಗಿದೆ, ಆಗಲಿ. ‘ಕಸುಬು’ ಎಂಬ ಪದವನ್ನು ಕುಂದಾಪುರ, ಕಾರವಾರದ ಕಡೆಯವರು ಮೀನುಗಾರಿಕೆಗೆ ಹೇಳುವುದುಂಟಾ? ಅಲ್ಲಿ ಗಾಳದಲ್ಲೇ ಬದುಕುವವರಿಗೆ ಬೇರೆ ಹೆಸರೇನಾದರೂ ಇದೆಯಾ? ನಿಮ್ಮ ಊರಿನ ಕಡಪ್ಪುರದಲ್ಲಿ (ಕಡಲ ದಂಡೆಯಲ್ಲಿ) ಕೇಳಿ ತಿಳಿಸಿದರೆ ಅಚ್ಚಿಗೆ ಕೊಡುವ ಮೊದಲು ತಿದ್ದಿಕೊಳ್ಳುತ್ತೇನೆ.