ಕಾಫಿ ಕಣದ ಬದಿಯ ಹವಾಮಾನ ಸೆನ್ಸರ್: ಉಷ್ಣಾಂಶ ಹೆಚ್ಚು, ಮಳೆ ಕಡಿಮೆ ತೋರಿಸುತ್ತಿದೆ

ಪ್ರಶ್ನೆ – ಮೂಡಿಗೆರೆಯ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಕಾಫಿ ಹೂಬಿಡಲು ಬೇಕಾದ ಹೂಮಳೆಯ ಲೆಕ್ಕ ಸರಿಯಾಗಿ ಸಿಗಲೆಂದು, ಮನೆಯೆದುರಿನ ಸಿಮೆಂಟ್ ಕಣದ ಅಂಚಿನಲ್ಲಿ ಕಬ್ಬಿಣದ ಕಂಬ ನೆಟ್ಟು ಹವಾಮಾನ ಸೆನ್ಸರ್ ಒಂದನ್ನು ಕೂರಿಸಿದ್ದೇನೆ. ಮಧ್ಯಾಹ್ನ ಅದು ತೋರಿಸುವ ಉಷ್ಣಾಂಶ ಜಗಲಿಯ ಥರ್ಮಾಮೀಟರಿಗಿಂತ ನಾಲ್ಕೈದು ಡಿಗ್ರಿ ಹೆಚ್ಚಿರುತ್ತದೆ. ಮಳೆಯ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ: ತಂದೆಯವರ ಕಾಲದ ಮಳೆಮಾಪಕದಲ್ಲಿ ಎರಡು ಇಂಚು ಬಂದ ದಿನ ಇದರಲ್ಲಿ ದಾಖಲಾದದ್ದು 41 ಮಿಲಿಮೀಟರ್ ಮಾತ್ರ. ಸೆನ್ಸರಿನ ಮಳೆ ಹಿಡಿಯುವ ಆಲಿಕೆಯ ವ್ಯಾಸ 11 ಸೆಂಟಿಮೀಟರ್. ಒಳಗಿನ ಪುಟ್ಟ ತೊಟ್ಟಿ ನೀರು ತುಂಬಿ ಒಮ್ಮೆ ಮಗುಚಿದರೆ 0.25 ಮಿಲಿಮೀಟರ್ ಮಳೆ ಎಂದು ಕೈಪಿಡಿಯಲ್ಲಿದೆ. ಕೆಟ್ಟಿರುವುದು ಉಪಕರಣವೋ, ನಾನು ಆರಿಸಿದ ಜಾಗವೋ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ – ಸಕಲೇಶಪುರದಿಂದ

ಉಷ್ಣಾಂಶದ ಮಟ್ಟಿಗೆ ತಪ್ಪು ಜಾಗದ್ದೇ. ಕಾಫಿ ಒಣಗಲೆಂದೇ ಕಟ್ಟಿದ ಕಣ ಬಿಸಿಲನ್ನು ಹೀರಿ ಸಂಜೆಯವರೆಗೂ ಕಾವು ಬಿಡುತ್ತಿರುತ್ತದೆ. ನೀವು ಅಳೆಯುತ್ತಿರುವುದು ಆ ಕಾವನ್ನು. ಹುಲ್ಲು ಬೆಳೆದ ತೆರೆದ ನೆಲದಲ್ಲಿ, ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ, ಗಾಳಿಯಾಡುವ ಬಿಳಿ ತಟ್ಟೆಗಳ ಕವಚದೊಳಗೆ ಸೆನ್ಸರ್ ಇರಬೇಕು. ಮಳೆಗಾಗಿ ಇನ್ನೊಂದು ಎಚ್ಚರ ಬೇಕು: ಹತ್ತಿರದ ಸಿಲ್ವರ್ ಓಕ್ ಮರ ಆಲಿಕೆಯ ಅಂಚಿಗಿಂತ ಎಷ್ಟು ಎತ್ತರವಿದೆಯೋ, ಕನಿಷ್ಠ ಅದರ ಎರಡರಷ್ಟು ದೂರವಿರಲಿ. ಗಾಳಿಯ ವೇಗವನ್ನು ಕ್ರಮಬದ್ಧವಾಗಿ ಅಳೆಯುವುದು 10 ಮೀಟರ್ ಎತ್ತರದಲ್ಲಿ. ಒಂದೇ ಕಂಬದಲ್ಲಿ ಎರಡೂ ಸಾಧ್ಯವಾಗದ ಕಾರಣ, ಬೆಳೆಗಾರರಾದ ನಾವು ಗಾಳಿಯ ಅಂಕಿಯನ್ನು ಬಿಟ್ಟುಕೊಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಉತ್ತರ – ಕೊಪ್ಪದಿಂದ

ಮಳೆಯ ಕೊರತೆಗೆ ಒಂದು ಪರೀಕ್ಷೆಯಿದೆ. ನಿಮ್ಮ ಆಲಿಕೆಗೆ 10 ಮಿಲಿಮೀಟರ್ ಮಳೆಯೆಂದರೆ ಸುಮಾರು 95 ಮಿಲಿಲೀಟರ್ ನೀರು. ಅಷ್ಟನ್ನು ಅಳೆದು, ಸೂಜಿಯಿಂದ ತೂತು ಮಾಡಿದ ಬಾಟಲಿಯ ಮೂಲಕ ಅರ್ಧ ಗಂಟೆಗೂ ಹೆಚ್ಚು ಕಾಲ ಹನಿಹನಿಯಾಗಿ ಬೀಳುವಂತೆ ಮಾಡಿ. ತೊಟ್ಟಿ 40 ಸಲ ಮಗುಚಬೇಕು. ಒಮ್ಮೆಲೇ ಸುರಿದರೆ ಮಗುಚುವ ಕ್ಷಣದಲ್ಲಿ ಬಿದ್ದ ನೀರು ಲೆಕ್ಕ ತಪ್ಪುತ್ತದೆ, ಜುಲೈ ತಿಂಗಳ ಬಿರುಮಳೆಯಲ್ಲೂ ಇದೇ ಆಗುತ್ತದೆ. ಪರೀಕ್ಷೆಗೆ ಮುನ್ನ ರಸಮಟ್ಟ ಇಟ್ಟು ನೋಡಿ, ಏಕೆಂದರೆ ಕಂಬ ವಾಲಿದ್ದರೆ ಎಣಿಕೆ ನಂಬುವಂತಿಲ್ಲ. ಎರಡೂ ಮಾಪಕಗಳನ್ನು ಬೆಳಿಗ್ಗೆ 8.30ಕ್ಕೇ ಓದುತ್ತಿದ್ದೀರಾ? ಹವಾಮಾನ ಇಲಾಖೆಯ ಮಳೆದಿನ ಮುಗಿಯುವುದು ಆ ಹೊತ್ತಿಗೆ. ಸೆನ್ಸರ್ ಮಧ್ಯರಾತ್ರಿಗೆ ದಿನ ಬದಲಿಸುವುದಾದರೆ ಹೋಲಿಕೆಯೇ ತಪ್ಪುತ್ತದೆ.

ಅಂದ ಹಾಗೆ, ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಸಿಂಪಡಿಸುವ ದಿನ ಉಪಕರಣಕ್ಕೆ ಚೀಲ ಮುಚ್ಚಿ, ಕೆಲಸ ಮುಗಿದೊಡನೆ ತೆಗೆಯಿರಿ. ಸುಣ್ಣದ ಪುಡಿ ತೇವಾಂಶದ ಸೆನ್ಸರಿನ ಮೇಲೆ ಕೂತರೆ ಬಿಡಿಸುವುದು ಕಷ್ಟ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಓದುವ ಸಮಯ ಎರಡಕ್ಕೂ 8.30ರದ್ದೇ. ಆಲಿಕೆ ಬಿಚ್ಚಿದಾಗ ಜಾಲರಿಯಲ್ಲಿ ಸಿಲ್ವರ್ ಓಕ್ ಎಲೆಯ ಚೂರುಗಳೂ ತೊಟ್ಟಿಯ ಕೆಳಗೆ ಇರುವೆಗೂಡೂ ಇದ್ದವು. ಶುಚಿ ಮಾಡುವ ಮುನ್ನ 33 ಸಲ ಮಗುಚಿದ ತೊಟ್ಟಿ, ಶುಚಿ ಮಾಡಿ ಕಂಬವನ್ನು ನೆಟ್ಟಗೆ ನಿಲ್ಲಿಸಿದ ಮೇಲೆ 39 ಸಲ ಮಗುಚಿತು. ಕಂಬವನ್ನು ಕೆರೆಯ ಏರಿಯಾಚೆಗಿನ ಹುಲ್ಲುಗಾವಲಿಗೆ ಈ ಭಾನುವಾರ ಸ್ಥಳಾಂತರಿಸುತ್ತೇನೆ. ಉಷ್ಣಾಂಶದ ವ್ಯತ್ಯಾಸವನ್ನು ಒಂದು ವಾರ ಗಮನಿಸಿ ಇಲ್ಲಿಯೇ ಬರೆಯುತ್ತೇನೆ.