ಮರೂನ್ ಟೋಪಿ ಮತ್ತು ನಮ್ಮ ಫ್ಯಾಮಿಲಿ ಗ್ರೂಪು

ಸೀನಣ್ಣ (ಫಾರ್ವರ್ಡ್): ಪ್ಯಾರಾಶೂಟಲ್ಲಿ ಇಳಿಯೋ ಪ್ಯಾರಾ ಕಮಾಂಡೋಗಳ ಟೋಪಿ ಮರೂನ್ ಯಾಕೆ ಗೊತ್ತಾ? 1971ರ ಯುದ್ಧದ ವೀರರ ರಕ್ತದ ನೆನಪು!! ಬಲಿದಾನ್ ಬ್ಯಾಡ್ಜ್ ಫೋಟೋ ನೋಡಿ. ನಿಜವಾದ ಭಾರತೀಯರಾದ್ರೆ ಹತ್ತು ಜನಕ್ಕೆ ಕಳ್ಸಿ 🙏🙏

ಲತತ್ತೆ: 🙏 ಓದಿ ಕಣ್ಣಲ್ಲಿ ನೀರು ಬಂತು

ರಘು: ಎಲ್ಲಿ ಸಿಕ್ತು ಇದು? ಮರೂನ್ ಟೋಪಿ ಬ್ರಿಟಿಷ್ ಪ್ಯಾರಾಟ್ರೂಪರ್‌ಗಳು 1942ರಲ್ಲೇ ಹಾಕ್ತಿದ್ರು, ಅಲ್ಲಿಂದ ನಮಗೆ ಬಂದಿದ್ದು. ಕಮಾಂಡೋ ಅಷ್ಟೇ ಅಲ್ಲ, ಪ್ಯಾರಾಶೂಟ್ ರೆಜಿಮೆಂಟ್ ಪೂರ್ತಿ ಅದನ್ನೇ ಹಾಕತ್ತೆ. ಸ್ಪೆಷಲ್ ಫೋರ್ಸಸ್‌ನವರಿಗೆ, ಅಂದ್ರೆ ಕಮಾಂಡೋಗಳಿಗೆ ಮಾತ್ರ ಇರೋದು ಬಲಿದಾನ್ ಬ್ಯಾಡ್ಜು, ರೆಕ್ಕೆ ಇರೋ ಕಠಾರಿ, ಕೆಳಗೆ ದೇವನಾಗರೀಲಿ ಬಲಿದಾನ್ ಅಂತ. ನೀವು ಹಾಕಿರೋ ಫೋಟೋದಲ್ಲಿ ಇಂಗ್ಲಿಷಲ್ಲಿ ಬರ್ದಿದೆ, ಅದು ಬ್ರಿಟಿಷರ ಕಮಾಂಡೋ ಪಡೆ ಎಸ್‌ಎಎಸ್‌ದು ಅಣ್ಣಾ 😂

ಸೀನಣ್ಣ: ದೇಶದ ವಿಷಯದಲ್ಲೂ ಕೊಂಕಾ?

ದೊಡ್ಡಪ್ಪ: ರಘು, ದೊಡ್ಡವ್ರ ಹತ್ರ ಹಾಗೆ ಮಾತಾಡ್ಬಾರ್ದು. ಸೈನಿಕರಿಂದ ನಾವು ಕಲೀಬೇಕಾದ್ದು ಶಿಸ್ತು. ಈ ಗ್ರೂಪಲ್ಲಿ ಬೆಳಿಗ್ಗೆ ಐದಕ್ಕೆ ಏಳೋರು ಎಷ್ಟು ಜನ ಇದೀರಿ ಹೇಳಿ

ರಘು: ದೊಡ್ಡಪ್ಪ, ನಾನು ಟೋಪಿ ಬಗ್ಗೆ ಹೇಳಿದ್ದು

ಕಿಟ್ಟಿ: ಧೋನಿ ಗ್ಲೌಸ್ ಮೇಲೆ ಇತ್ತಲ್ವಾ ಇದೇ ಬ್ಯಾಡ್ಜು! 2019 ವರ್ಲ್ಡ್‌ಕಪ್ಪು, ಸೌತಾಂಪ್ಟನ್ನಲ್ಲಿ ಸೌತ್ ಆಫ್ರಿಕಾ ಮೇಲೆ, ರೋಹಿತ್ 122 ನಾಟೌಟ್. ಎಲ್ಲಾರೂ ಅಜ್ಜಿ ಮನೇಲಿ ಸೇರಿದ್ವಿ, ಕರೆಂಟ್ ಹೋಗಿ ರೇಡಿಯೋ ಹಾಕ್ಕೊಂಡ್ವಿ, ಆಮೇಲೆ ಐಸಿಸಿ ತೆಗೀರಿ ಅಂತು ಆ ಲೋಗೋ

ಸೀನಣ್ಣ: ಐಸಿಸಿಗೆ ನಮ್ಮ ಸೈನ್ಯ ಕಂಡ್ರೆ ಆಗಲ್ಲ

ರಘು: ಯಾರ ಲೋಗೋ ಆದ್ರೂ ನಿಯಮ ಅದೇ. ಧೋನಿ ಟೆರಿಟೋರಿಯಲ್ ಆರ್ಮಿ (ಬೇರೆ ಕೆಲಸದ ಜೊತೆ ಸೇವೆ ಮಾಡೋರ ಸೈನ್ಯ) ಪ್ಯಾರಾ ತುಕಡೀಲಿ ಗೌರವ ಲೆಫ್ಟಿನೆಂಟ್ ಕರ್ನಲ್, 2015ರಲ್ಲಿ ಆಗ್ರಾದಲ್ಲಿ ಐದು ಸಲ ವಿಮಾನದಿಂದ ಹಾರಿ ರೆಕ್ಕೆ ಬ್ಯಾಡ್ಜ್ ತಗೊಂಡ್ರು. ಅದು ಬೇರೆ, ಬಲಿದಾನ್ ಬೇರೆ. ಇನ್ನು 1971 ಅಂದ್ರೆ ನಿಜವಾದ ಕಥೆನೇ ಇದೆ, ಜೈಪುರ ರಾಜಮನೆತನದ ಭವಾನಿ ಸಿಂಗ್ 10 ಪ್ಯಾರಾ ಕಮಾಂಡೋ ತುಕಡಿನ ಕರ್ಕೊಂಡ್ಹೋಗಿ ಪಾಕಿಸ್ತಾನದ ಛಾಛ್ರೋ ಊರಿನ ಮೇಲೆ ದಾಳಿ ಮಾಡಿದ್ರು, ಮಹಾವೀರ ಚಕ್ರ ಬಂತು. ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ

(ಇದನ್ನೂ ಯಾರೂ ಓದ್ಲಿಲ್ಲ. ಎಲ್ಲಾರಿಗೂ ಬ್ಲೂ ಟಿಕ್ ಮಾತ್ರ ಬಂತು.)

ಲತತ್ತೆ: ನಮ್ಮ ತಾತನ ಟ್ರಂಕಲ್ಲೂ ಒಂದು ರೆಕ್ಕೆ ಬ್ಯಾಡ್ಜ್ ಇತ್ತು ಅಲ್ವಾ

ಕಿಟ್ಟಿ: ಹೌದೌದು! ಬೇಸಿಗೆ ರಜೇಲಿ ಅದನ್ನ ಅಂಗಿಗೆ ಚುಚ್ಕೊಂಡು ಓಡಾಡ್ತಿದ್ದೆ

ದೊಡ್ಡಪ್ಪ: ಆ ಟ್ರಂಕು ಯಾರ ಮನೆಗೆ ಹೋಯ್ತು ಅಂತ ಕೇಳಿ ಮೊದ್ಲು

ಸೀನಣ್ಣ: ಪಾಲಾದಾಗ ನಿಮ್ಮೆಲ್ಲರ ಎದುರಿಗೇ ತಗೊಂಡಿದ್ದು, ಆಗ ಯಾರೂ ಬಾಯಿ ಬಿಡ್ಲಿಲ್ಲ

ಲತತ್ತೆ: ನನ್ನನ್ನ ಕೇಳಿದ್ರಾ? ಹೆಣ್ಮಕ್ಕಳನ್ನ ಯಾರು ಕೇಳಿದ್ರು ಆಗ

ರಘು: ತಾತ ಇದ್ದಿದ್ದು ಪೋಸ್ಟಾಫೀಸಲ್ಲಿ ಅಲ್ವಾ?

ದೊಡ್ಡಪ್ಪ: ಎಲ್ಲಾರೂ ಸುಮ್ನಿರಿ. ಸೀನು, ಭಾನುವಾರ ಟ್ರಂಕ್ ತಗೊಂಡ್ಬಾ

ಸೀನಣ್ಣ: ಬೀಗದಕೈ ನಿಮ್ಮತ್ರಾನೇ ಇದೆ ಅಣ್ಣಾ, ಅದನ್ನ ಕೊಡಿ ಮೊದ್ಲು