ಟ್ಯೂಲರಿ ಗೇಟಿನ ರೆಕ್ಕೆ ಕುದುರೆ ಒರಿಜಿನಲ್ಲಾ?

ಪ್ರಶ್ನೆ: ಮುಂದಿನ ತಿಂಗಳು ಪ್ಯಾರಿಸ್‌ಗೆ ಹೋಗ್ತಿದೀನಿ, ಟ್ಯೂಲರಿ ಗಾರ್ಡನ್ ಗೇಟಲ್ಲಿ ಪೆಗಾಸಸ್ ಅನ್ನೋ ರೆಕ್ಕೆ ಕುದುರೆ ಮೇಲೆ ರೋಮನ್ ದೇವರು ಮರ್ಕ್ಯುರಿ ಕೂತಿದಾನಲ್ಲ, ಅದು ಹಳೇ ಮಾರ್ಬಲ್ಲೇನಾ? ನಮ್ಮ ಮೈಸೂರಿನವರು ಯಾರಾದ್ರೂ ನೋಡಿದೀರಾ?

ಉತ್ತರ 1: ಇಲ್ಲ ಗುರು, ಅದು ಕಾಪಿ. ಒರಿಜಿನಲ್ಲು ಲೂವ್ರ್ ಮ್ಯೂಸಿಯಂ ಒಳಗಿದೆ, 1986ರಲ್ಲೇ ಎತ್ತಿಟ್ರು. ಕ್ವಾಜೆವೊ ಅನ್ನೋ ಶಿಲ್ಪಿ 14ನೇ ಲೂಯಿಯ ಮಾರ್ಲಿ ಅರಮನೆ ತೋಟಕ್ಕೆ ಅಂತ ಕೆತ್ತಿದ್ದು, ಆಮೇಲೆ 1719ರಲ್ಲಿ ಟ್ಯೂಲರಿಗೆ ತಂದ್ರು. ಜೋಡಿ ಅದು, ಇನ್ನೊಂದು ಕುದುರೆ ಮೇಲೆ ಕಹಳೆ ಊದೋ ಕೀರ್ತಿದೇವತೆ. ಹೊಟ್ಟೆ ಕೆಳಗೆ ಬಗ್ಗಿ ನೋಡಿ, ಗುರಾಣಿ ಆಯುಧ ರಾಶಿ ಹಾಕಿದಾನೆ, ಚಂದಕ್ಕೆ ಮಾತ್ರ ಅಲ್ಲ, ಕುದುರೆ ಭಾರ ಹೊರೋದೂ ಅದೇ.

ಉತ್ತರ 2: ಮಾರ್ಬಲ್ ಅಂದ್ರೆ ಸುಣ್ಣದ ಅಂಶ, ಹೊಗೆ ಸೇರಿದ ಮಳೆಗೆ ಕರಗುತ್ತೆ, ಅದಕ್ಕೇ ಒರಿಜಿನಲ್ ಒಳಗಿಟ್ಟಿದ್ದು. ಕೆ.ಆರ್. ಸರ್ಕಲ್ ನಾಲ್ವಡಿಯವ್ರ ಪ್ರತಿಮೆಗೆ ಮಂಟಪದ ನೆರಳಾದ್ರೂ ಇದೆ ಬಿಡಿ.

ಉತ್ತರ 3: ಮಂಗಳವಾರ ಹೋಗ್ಬೇಡಿ ಸಾರ್, ಲೂವ್ರ್ ರಜ.